ಎಂಟು ಡ್ರಾಯರುಗಳ ಚರಿತ್ರೆ

ಬೆಂಗಳೂರಿನ ಸಿಟಿ ಮಾರ್ಕೆಟ್ಟಿನ ಆಸುಪಾಸಿನಲ್ಲಿರುವ ಜಾಲಿ ಮೊಹಲ್ಲಾಕ್ಕೆ ನಾನು ಆವತ್ತು ಹೋಗಿದ್ದು ಹಳೆಯದೊಂದು ಬೆಂಚ್ ವೈಸ್ ಹುಡುಕಿಕೊಂಡು. ವೈಸ್ ಸಿಗಲಿಲ್ಲ. ಗುಜರಿ ಅಂಗಡಿಯೊಂದರ ಹಿತ್ತಲಲ್ಲಿ, ಬಿಚ್ಚಿ ಹಾಕಿದ ಮೋಟಾರುಗಳ ರಾಶಿಯ ಪಕ್ಕ, ಉಕ್ಕಿನ ನಾಲ್ಕು ಕ್ಯಾಬಿನೆಟ್ಟುಗಳು ಅಡ್ಡ ಬಿದ್ದಿದ್ದವು. ಸೊಂಟದೆತ್ತರ, ಒಂದೊಂದರಲ್ಲೂ ಹತ್ತು ಡ್ರಾಯರು. ಮೇಲಿನವು ಎರಡು ಬೆರಳಿನಷ್ಟು ತೆಳು, ಕೆಳಗಿಳಿದಂತೆ ಆಳ ಹೆಚ್ಚು. ಕಾರ್ಖಾನೆಗಳ ಟೂಲ್ ರೂಮಿನಲ್ಲಿ ಸಲಕರಣೆ ಇಡಲು ಬಳಸುತ್ತಿದ್ದ ಕ್ಯಾಬಿನೆಟ್ಟುಗಳು.

ಅದರಲ್ಲೊಂದರ ಬೂದು ಬಣ್ಣ ಚಕ್ಕೆ ಎದ್ದಿತ್ತು. ಉಗುರಿನಿಂದ ಕೆರೆದೆ. ಕೆಳಗೆ ತಿಳಿಹಸಿರು, ಅದರ ಕೆಳಗೆ ಸೇನೆಯ ಲಾರಿಗಳಿಗೆ ಬಳಿಯುವಂಥ ಪಾಚಿ ಬಣ್ಣ. ಎದೆ ಒಮ್ಮೆ ಹಾರಿತು. ಅಂಗಡಿಯವನು ನನ್ನ ಮುಖ ನೋಡಿಯೇ ವ್ಯಾಪಾರ ಶುರು ಮಾಡಿದ. “ತಗೋತೀರಾ ಸಾರ್? ಇಲ್ಲಾಂದ್ರೆ ನಾಳಿದ್ದು ಕಟಿಂಗ್‌ಗೆ ಹೋಗತ್ತೆ. ಮೂರು ಹೇಳಿಬಿಟ್ಟಿದೀನಿ, ಇದೊಂದೇ ಇರೋದು.” ಬೆಲೆ ತೂಕದ ಮೇಲೆ. ಕಾಟಾ ಮೇಲೆ ಏರಿಸುವಾಗ ಗೊತ್ತಾಯಿತು, ಹತ್ತು ಡ್ರಾಯರುಗಳಲ್ಲಿ ಎರಡು ಇಲ್ಲ. “ಅಷ್ಟು ತೂಕ ಕಮ್ಮಿ ಆಯ್ತಲ್ಲ ಸಾರ್, ನಿಮಗೇ ಲಾಭ” ಅಂದ.

ಆ ಪಾಚಿ ಬಣ್ಣಕ್ಕೆ ನಾನು ಯಾಕೆ ಅಷ್ಟು ಮರುಳಾದೆ ಎಂದು ಹೇಳಬೇಕಾದರೆ ಎಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಆರಂಭಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲ್ ದಿವಾನರು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಹಾರಿತು. 1942ರಲ್ಲಿ ಭಾರತ ಸರ್ಕಾರ ಕಾರ್ಖಾನೆಯ ಆಡಳಿತ ವಹಿಸಿಕೊಂಡಿತು. 1943ರಲ್ಲಿ ಅದು ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಗಿ, 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಯುದ್ಧವಿಮಾನಗಳ ದೊಡ್ಡ ರಿಪೇರಿ ಶಾಲೆಯಾಯಿತು. ಕ್ಯಾಟಲಿನಾ ಎಂಬ ನೀರಿನ ಮೇಲೆ ಇಳಿಯುವ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿದು, ಅಲ್ಲಿಂದ ಕಾರ್ಖಾನೆಗೆ ಎಳೆಸಿಕೊಂಡು ಹೋಗುತ್ತಿದ್ದವು. ಇವತ್ತು ನೊರೆಗೆ ಹೆಸರಾದ ಕೆರೆ ಅದೇ.

ಯುದ್ಧ ಮುಗಿಯಿತು. ಅಮೆರಿಕದವರು ಹೊರಟರು. ದೇಶದ ತುಂಬ ಯುದ್ಧದ ಮಿಗತೆ ಸಾಮಾನು ರಾಶಿ ಬಿತ್ತು. ಕೆಲಸ ಕಡಿಮೆಯಾದ ವಿಮಾನ ಕಾರ್ಖಾನೆ ಡಕೋಟಾಗಳನ್ನು ನಾಗರಿಕ ವಿಮಾನಗಳಾಗಿ ಮಾರ್ಪಡಿಸಿತು, ರೈಲು ಬೋಗಿ ಕಟ್ಟಿತು. ಆಗ ನಡೆದ ಒಂದು ಸಂಗತಿ ನನಗೆ ಬಹಳ ಇಷ್ಟ. ಕಾನ್ಪುರದ ಚಕೇರಿ ವಿಮಾನ ನೆಲೆಯಲ್ಲಿ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರುಗಳನ್ನು ಬಿಟ್ಟು ಹೋಗಿದ್ದರು. ಸಾಲದ ಕರಾರಿನ ಮೇಲೆ ಅಮೆರಿಕದಿಂದ ಬ್ರಿಟಿಷ್ ವಾಯುಪಡೆಗೆ ಬಂದ ವಿಮಾನಗಳು ಅವು. ಮತ್ತೆ ಯಾರೂ ಹಾರಿಸದಂತೆ ಬೇಕೆಂದೇ ಹಾಳುಗೆಡವಿದ್ದರು. ಸ್ವತಂತ್ರ ಭಾರತದ ವಾಯುಪಡೆಗೆ ಭಾರಿ ಬಾಂಬರುಗಳಿರಲಿಲ್ಲ, ಕೊಳ್ಳಲು ಹಣವೂ ಇರಲಿಲ್ಲ. 1948ರಲ್ಲಿ ಬೆಂಗಳೂರಿನ ತಂತ್ರಜ್ಞರು ಆ ಗುಜರಿಗೆ ಕೈ ಹಾಕಿದರು. ಒಂದರ ಭಾಗ ಇನ್ನೊಂದಕ್ಕೆ ಜೋಡಿಸಿ, ಬೆಂಗಳೂರಿನವರೆಗೆ ಒಂದು ಹಾರಾಟ ತಡೆದರೆ ಸಾಕು ಎನ್ನುವಷ್ಟು ದುರಸ್ತಿ ಮಾಡಿದರು. ಪರೀಕ್ಷಾ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಹಾರಿಸಿಕೊಂಡು ಬಂದರು. ಹೀಗೆ 40ಕ್ಕೂ ಹೆಚ್ಚು ವಿಮಾನಗಳು ಇಲ್ಲಿ ಪೂರ್ತಿ ಬಿಚ್ಚಿ ಕಟ್ಟಿಸಿಕೊಂಡವು. ಅವುಗಳಲ್ಲಿ ಕೆಲವು 1968ರವರೆಗೂ ಸೇವೆಯಲ್ಲಿದ್ದವು. ಇವತ್ತು ಲಂಡನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ ಕೊಡುಗೆಯಾಗಿ ಪಡೆದ ಲಿಬರೇಟರ್, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿರುವ ಲಿಬರೇಟರ್, ಎರಡೂ ಭಾರತೀಯ ವಾಯುಪಡೆಯಿಂದ ಹೋದವು. ಬಿಸಾಕಿದವರೇ ಮುಂದೆ ಕೇಳಿ ಪಡೆದು ಮ್ಯೂಸಿಯಂನಲ್ಲಿಟ್ಟುಕೊಂಡರು.

ಅಂದರೆ, ಈ ಊರಿನ ಕೈಗಾರಿಕೆಯ ಕಥೆಯಲ್ಲಿ ಗುಜರಿ ಕೊನೆಯ ಅಧ್ಯಾಯ ಮಾತ್ರವಲ್ಲ, ಮೊದಲ ಅಧ್ಯಾಯಗಳಲ್ಲೂ ಇದೆ. ನನ್ನ ಕ್ಯಾಬಿನೆಟ್ಟು ಆ ಏರ್ ಡಿಪೋದಿಂದ ಬಂದಿರಬೇಕು ಎಂದು ಟೆಂಪೋದಲ್ಲಿ ಕೂತು ಮನೆ ತಲುಪುವಷ್ಟರಲ್ಲಿ ತೀರ್ಮಾನಿಸಿಬಿಟ್ಟಿದ್ದೆ.

ಆ ತೀರ್ಮಾನ ಒಂದು ವಾರ ಬದುಕಿತು.

ನಮ್ಮ ಬೀದಿಯ ಕೊನೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಸಾರ್ವಜನಿಕ ವಲಯದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ 34 ವರ್ಷ ದುಡಿದವರು. ಭಾನುವಾರ ಬೆಳಿಗ್ಗೆ ಅವರನ್ನು ಕರೆದು ತೋರಿಸಿದೆ. ಮೊದಲು ಅವರು ನೋಡಲೇ ಇಲ್ಲ, ಮುಟ್ಟಿದರು. ಒಂದೊಂದೇ ಡ್ರಾಯರನ್ನು ಪೂರ್ತಿ ಎಳೆದು, ಬಿಟ್ಟು, ಸದ್ದು ಕೇಳಿದರು. “ಕೆಳಗಡೆ ಭಾರದ ಸಾಮಾನು, ಮೇಲಗಡೆ ಅಳತೆ ಸಾಮಾನು. ಮೈಕ್ರೋಮೀಟರು, ವರ್ನಿಯರು ಎಲ್ಲಾ ಕಣ್ಣಳತೆಗೇ ಇರ್ಬೇಕು. ಎರಡು ಭಾರದ ಡ್ರಾಯರು ಒಟ್ಟಿಗೆ ಎಳೆದ್ರೆ ಇಡೀ ಬೀರು ಮುಂದಕ್ಕೆ ಮಗುಚತ್ತೆ, ಹುಷಾರು” ಅಂದರು.

ಪಾಚಿ ಬಣ್ಣ ತೋರಿಸಿ ನನ್ನ ಊಹೆ ಹೇಳಿದೆ. ಅವರು ನಕ್ಕರು. “ಪೇಂಟ್ ನೋಡಿ ಊರು ಹೇಳೋಕಾಗಲ್ಲ ಕಣಪ್ಪ. ಸ್ಟೋರಲ್ಲಿ ಯಾವ ಡಬ್ಬ ಮಿಕ್ಕಿತ್ತೋ ಅದನ್ನೇ ಬಳೀತಿದ್ವಿ. ಬಣ್ಣ ಬಿಡು, ಅಕ್ಷರ ಏನೈತೆ ನೋಡು.”

ಒದ್ದೆ ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದಾಗ ಡ್ರಾಯರುಗಳ ಮುಖದ ಮೇಲೆ ಸ್ಟೆನ್ಸಿಲ್ ಅಕ್ಷರಗಳು ಎದ್ದವು. ಐದನೆಯದರ ಮೇಲೆ ಇಂಗ್ಲಿಷಿನಲ್ಲಿ ‘ವಿಟ್’ ಎಂದು ಮೊಟಕು ಮಾಡಿ ಬರೆದದ್ದು, ಪಕ್ಕದಲ್ಲಿ ಇಂಚಿನ ಭಿನ್ನರಾಶಿಗಳು. ಅದು ವಿಟ್‌ವರ್ತ್.

ಇಲ್ಲಿ ಸ್ವಲ್ಪ ಬೋಲ್ಟು ನಟ್ಟಿನ ಚರಿತ್ರೆ ಬೇಕು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಸ್ಕ್ರೂವಿನ ಎಳೆಗಳಿಗೆ ಒಂದು ಏಕರೂಪದ ಅಳತೆ ಸೂಚಿಸಿದರು. ಎಳೆಯ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ಬೇರೊಂದು ಪದ್ಧತಿ ಮುಂದಿಟ್ಟರು. ಬ್ರಿಟಿಷರ ಆಳ್ವಿಕೆಯ ದೇಶಗಳು ಮೊದಲನೆಯದನ್ನು ಹಿಡಿದವು, ಅಮೆರಿಕ ಎರಡನೆಯದನ್ನು. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಯಂತ್ರಗಳು ಒಂದೇ ರಣರಂಗದಲ್ಲಿದ್ದರೂ ಒಂದರ ಬೋಲ್ಟು ಇನ್ನೊಂದರ ನಟ್ಟಿಗೆ ಕೂರುತ್ತಿರಲಿಲ್ಲ. ಆ ತಲೆನೋವಿನ ಫಲವಾಗಿಯೇ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ ಸಮಾನ ಪದ್ಧತಿಗೆ ಒಪ್ಪಿದವು. ಅಮೆರಿಕದ ವಿಮಾನ ಬಿಚ್ಚಿ ಕಟ್ಟುವ ಅಮೆರಿಕದ ಡಿಪೋದಲ್ಲಿ, ಕೈಗೆ ಸುಲಭವಾಗಿ ಸಿಗುವ ನಡುವಿನ ಡ್ರಾಯರನ್ನು ವಿಟ್‌ವರ್ತ್‌ಗೆ ಮೀಸಲಿಡುವ ಕಾರಣವಿಲ್ಲ. ನನ್ನ ಕ್ಯಾಬಿನೆಟ್ಟು ಬ್ರಿಟಿಷ್ ಅಳತೆಯಲ್ಲಿ ಕೆಲಸ ಮಾಡಿದ ವರ್ಕ್‌ಶಾಪಿನದು. ರೈಲ್ವೆಯೋ, ಗಣಿಯೋ, ಗಿರಣಿಯೋ.

ಬೇಸರವಾಯಿತು, ನಿಜ. ಆದರೆ ಮುಂದೆ ಓದುತ್ತ ಹೋದಂತೆ ಅದು ಕರಗಿತು. ಏಕೆಂದರೆ ಅದೇ ಡ್ರಾಯರಿನ ಮೇಲೆ, ತಿಳಿಹಸಿರು ಪದರದ ಮೇಲೆ, ಬೇರೊಂದು ಕೈ ಬಿಳಿ ಎನಾಮಲ್ಲಿನಲ್ಲಿ ಕನ್ನಡದಲ್ಲಿ ಬರೆದಿತ್ತು: ‘ಟ್ಯಾಪು, ಮಿ.ಮೀ.’ ನಮ್ಮ ದೇಶ ಮೆಟ್ರಿಕ್ ಅಳತೆಯ ಕಾಯ್ದೆ ಮಾಡಿದ್ದು 1956ರಲ್ಲಿ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು, 1958ರಿಂದ ತೂಕ ಅಳತೆಗಳು ಹಂತಹಂತವಾಗಿ ಬದಲಾದವು. ಈ ಡ್ರಾಯರಿನಲ್ಲಿ ಇಂಚು ಹೋಗಿ ಮಿಲಿಮೀಟರ್ ಬಂದಾಗ ಇಂಗ್ಲಿಷ್ ಹೋಗಿ ಕನ್ನಡವೂ ಬಂದಿದೆ. ಸ್ಟೆನ್ಸಿಲ್ ಹಿಡಿದು ಬರೆಸಿದವರು ಸಾಹೇಬರಿರಬಹುದು. ಬ್ರಷ್ಷು ಹಿಡಿದು ‘ಟ್ಯಾಪು’ ಎಂದು ಬರೆದವನು ದಿನವೂ ಆ ಡ್ರಾಯರು ಎಳೆಯುತ್ತಿದ್ದವನು. ಕೆಳಗಿನ ಡ್ರಾಯರಿನ ತಳಕ್ಕೆ ಹಾಸಿದ್ದು 1971ರ ಕ್ಯಾಲೆಂಡರಿನ ಎಣ್ಣೆ ಕುಡಿದ ಹಾಳೆ. ಅಲ್ಲಿಗೆ, ಈ ಪೆಟ್ಟಿಗೆ 1971ರಲ್ಲಿಯೂ ಕೆಲಸದಲ್ಲಿತ್ತು ಎಂದು ಧೈರ್ಯವಾಗಿ ಹೇಳಬಹುದು.

ಅಮೆರಿಕದಲ್ಲಿ ಯಂತ್ರಕರ್ಮಿ ತನ್ನ ಸಲಕರಣೆಯ ಪೆಟ್ಟಿಗೆಯನ್ನು ತಾನೇ ಕೊಳ್ಳುವ ರೂಢಿ ಬಲವಾಗಿತ್ತು. ಓಹಾಯೋದ ಡೇಟನ್ನಿನಲ್ಲಿ 1906ರಲ್ಲಿ ಶುರುವಾದ ಗರ್ಸ್ಟ್‌ನರ್ ಕಂಪನಿಯ ಓಕ್ ಮರದ ಪೆಟ್ಟಿಗೆಗಳನ್ನು ಇವತ್ತೂ ಜನ ಅಜ್ಜನ ಆಸ್ತಿಯೆಂದು ಕಾಪಾಡುತ್ತಾರೆ. ನಮ್ಮ ದೊಡ್ಡ ಕಾರ್ಖಾನೆಗಳ ಪದ್ಧತಿ ಬೇರೆ. ಸಲಕರಣೆ ಕಾರ್ಖಾನೆಯದು, ಕಾರ್ಮಿಕನದು ಹಿತ್ತಾಳೆಯ ಬಿಲ್ಲೆ ಮಾತ್ರ. ಹಿರಿಯರು ವಿವರಿಸಿದರು: “ನಂಬರ್ ಹೊಡೆದಿರೋ ಬಿಲ್ಲೆ ಕೊಡೋರು. ರೀಮರ್ ಬೇಕಂದ್ರೆ ಕಿಟಕೀಲಿ ಬಿಲ್ಲೆ ಕೊಡೋದು. ರೀಮರ್ ಇದ್ದ ಜಾಗದಲ್ಲಿ ಬಿಲ್ಲೆ ನೇತಾಕೋರು. ಸಂಜೆ ವಾಪಸ್ ಕೊಟ್ಟು ಬಿಲ್ಲೆ ಈಸ್ಕೋಬೇಕು. ರಿಟೈರ್ ಆಗೋ ದಿನ ಒಂದು ಬಿಲ್ಲೆ ಕಮ್ಮಿ ಬಂದ್ರೂ ಬಿಡ್ತಿರಲಿಲ್ಲ.” ಹಾಗಾಗಿ ನಮ್ಮಲ್ಲಿ ಕಾರ್ಮಿಕನ ಮೊಮ್ಮಕ್ಕಳಿಗೆ ಪೆಟ್ಟಿಗೆ ಉಳಿಯಲಿಲ್ಲ. ಅವನ ಕೈಬರಹ, ಅವನ ಕೈ ಸವೆಸಿದ ಹಿಡಿ ಎಲ್ಲವೂ ಕಾರ್ಖಾನೆಯ ಸ್ವತ್ತಾಗಿಯೇ ಉಳಿದು, ಕಾರ್ಖಾನೆ ಮುಚ್ಚಿದ ದಿನ ತೂಕಕ್ಕೆ ಹೋದವು.

ಮುಚ್ಚಿದವುಗಳ ಪಟ್ಟಿ ಚಿಕ್ಕದಲ್ಲ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ನಿಂತಿತು. ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ ನಿಂತಿತು. 1941ರಿಂದ ಲೇತ್ ಮಾಡುತ್ತಿದ್ದ ಹರಿಹರದ ಮೈಸೂರು ಕಿರ್ಲೋಸ್ಕರ್ ನಿಂತಿತು. 1953ರಲ್ಲಿ ಜಾಲಹಳ್ಳಿಯಲ್ಲಿ ಹುಟ್ಟಿದ ಎಚ್‌ಎಂಟಿಯ ಕೈಗಡಿಯಾರ ವಿಭಾಗ ಮುಚ್ಚುವ ನಿರ್ಧಾರ 2016ರಲ್ಲಿ ಆಯಿತು. ದೊಡ್ಡ ಯಂತ್ರಗಳಿಗೆ, ಗಡಿಯಾರಗಳಿಗೆ ಮ್ಯೂಸಿಯಂನಲ್ಲಿ ಒಂದಿಷ್ಟು ಜಾಗ ಸಿಕ್ಕಿದೆ. ವಿಮಾನ ಕಾರ್ಖಾನೆ 2001ರಲ್ಲಿಯೇ ತನ್ನ ಮ್ಯೂಸಿಯಂ ತೆರೆಯಿತು, ಎಚ್‌ಎಂಟಿಗೂ ಒಂದಿದೆ. ಆದರೆ ಸಲಕರಣೆ ಇಟ್ಟ ಬೀರುವನ್ನು ಯಾರು ಇಡುತ್ತಾರೆ? ಹರಾಜಿನ ಪಟ್ಟಿಯಲ್ಲಿ ಅದು ‘ಕಬ್ಬಿಣದ ಸಾಮಾನು, ಒಂದು ಲಾಟ್’.

ಇನ್ನು ರಿಪೇರಿಯ ಮಾತು. ಪೀಣ್ಯದ ಪರಿಚಯದ ಫ್ಯಾಬ್ರಿಕೇಟರ್ ಒಬ್ಬ ಫೋಟೋ ನೋಡಿ, “ಸ್ಯಾಂಡ್ ಬ್ಲಾಸ್ಟ್ ಮಾಡಿ ಪೌಡರ್ ಕೋಟಿಂಗ್ ಹೊಡ್ಸಿಬಿಡಿ ಸಾರ್, ಶೋರೂಮ್ ಪೀಸ್ ಆಗತ್ತೆ” ಅಂದ. ಆಸೆಯಾಯಿತು. ಅದಕ್ಕೂ ಮೊದಲು ಸೀಮೆಎಣ್ಣೆ ಹಾಕಿ ಉಜ್ಜೋಣವೆಂದು, ಮೇಲಿನ ಡ್ರಾಯರು ತೆಗೆದು ಒಳಚೌಕಟ್ಟಿಗೆ ಕೈ ಹಾಕಿದೆ. ಅಲ್ಲಿ ಕೆಂಪು ಕಲೆಗಳು. ರೆಡ್ ಆಕ್ಸೈಡ್ ಪ್ರೈಮರ್ ಇರಬೇಕೆಂದು ಬಟ್ಟೆ ಎತ್ತಿದಾಗ ಹಿರಿಯರು ನನ್ನ ಮಣಿಕಟ್ಟು ಹಿಡಿದರು.

“ಏ, ತಡಿ. ಅದು ಪ್ರೈಮರ್ ಅಲ್ಲ. ಕುಂಕುಮ.”

ಮುಂದುಗಡೆ ಬಳಿದರೆ ಮೇಸ್ತ್ರಿ ಬೈಯುತ್ತಾನೆಂದು ಒಳಗಡೆ ಇಟ್ಟಿರಬೇಕು ಅಂದರು. ಆಯುಧಪೂಜೆಯ ಹಿಂದಿನ ದಿನ ಯಂತ್ರ ನಿಲ್ಲಿಸಿ ಒರೆಸುವುದು, ಬೂದುಗುಂಬಳಕಾಯಿ, ಪುರಿ, ಮನೆಯವರನ್ನೆಲ್ಲ ಕರೆತಂದು ತಾನು ಕೆಲಸ ಮಾಡುವ ಜಾಗ ತೋರಿಸುವುದು, ಎಲ್ಲ ಹೇಳುತ್ತ ಹೋದರು. ಎಣಿಸಿದೆ. ಒಂದರ ಪಕ್ಕ ಒಂದರಂತೆ ಹದಿನಾಲ್ಕು ಬೊಟ್ಟು. ವರ್ಷಕ್ಕೊಂದು ಎಂದುಕೊಂಡರೆ ಹದಿನಾಲ್ಕು ನವರಾತ್ರಿ. ಬಣ್ಣದ ಬ್ರಷ್ಷು ತಲುಪದ ಜಾಗದಲ್ಲಿ ಉಳಿದಿದ್ದವು. ಸ್ಯಾಂಡ್ ಬ್ಲಾಸ್ಟಿಗೆ ಅರ್ಧ ನಿಮಿಷದ ಕೆಲಸ.

ಬಣ್ಣ ಕೀಳಿಸಲಿಲ್ಲ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಬಾರದೆಂಬುದಕ್ಕೆ ಇನ್ನೊಂದು ಕಾರಣವೂ ಇದೆ: ಅದರಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಮನೆ ಬಳಕೆಯ ಬಣ್ಣದಲ್ಲಿ ಸೀಸ ದಶಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಮುಖಕ್ಕೆ ಮಾಸ್ಕು ಹಾಕಿ, ಒದ್ದೆ ಬಟ್ಟೆಯಿಂದ ಮಾತ್ರ ಒರೆಸಿದೆ. ಡ್ರಾಯರು ಜಾರುವ ಹಳಿಗಳ ತುಕ್ಕನ್ನು ಸೀಮೆಎಣ್ಣೆ, ಉಕ್ಕಿನ ನಾರಿನಿಂದ ತೆಗೆದು ಗ್ರೀಸು ಹಚ್ಚಿದೆ. ಹಿತ್ತಾಳೆಯ ಚೀಟಿ ಹಿಡಿಗಳಿಗೆ ಹುಣಸೆಹಣ್ಣು ಸಾಕಾಯಿತು. ಮೇಲೆ ತೆಳ್ಳಗೆ ಮೇಣ. ಮೂಲೆಗೊಂದು ಕರ್ಪೂರ ಇಡು, ಅಳತೆ ಸಾಮಾನಿಗೆ ತುಕ್ಕು ಹತ್ತಲ್ಲ ಎಂದು ಹಿರಿಯರೇ ತಂದುಕೊಟ್ಟರು.

ಉಳಿದೆರಡು ಡ್ರಾಯರು ಹುಡುಕಿಕೊಂಡು ಮತ್ತೆ ಜಾಲಿ ಮೊಹಲ್ಲಾಕ್ಕೆ ಹೋದಾಗ ಹಿತ್ತಲು ಖಾಲಿ. ಮೂರು ಕ್ಯಾಬಿನೆಟ್ಟುಗಳೂ ಗ್ಯಾಸ್ ಕಟಿಂಗ್ ಆಗಿ ಲಾರಿ ಏರಿದ್ದವು. ಅವುಗಳ ಮೂವತ್ತು ಡ್ರಾಯರುಗಳ ಮೇಲೆ ಏನೇನು ಬರೆದಿತ್ತೆಂದು ನಾನು ಮೊದಲ ದಿನ ನೋಡಲೇ ಇಲ್ಲ. ಫೋನು ಜೇಬಿನಲ್ಲೇ ಇತ್ತು. ಮೂರು ಫೋಟೋ ತೆಗೆಯಲು ಒಂದು ನಿಮಿಷ ಬೇಕಿತ್ತು. ಯುದ್ಧದ ಬಣ್ಣ ಕಂಡ ಖುಷಿಯಲ್ಲಿ, ಇದು ಯಾರ ಸೇನೆಯದು ಎಂದು ಯೋಚಿಸುತ್ತಿದ್ದೆನೇ ಹೊರತು ಇದನ್ನು ಯಾರು ದಿನವೂ ಎಳೆಯುತ್ತಿದ್ದರು ಎಂದು ಕೇಳಿಕೊಂಡಿರಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಅಪ್ಪನದೋ ತಾತನದೋ ಸಲಕರಣೆ ಡಬ್ಬವೊಂದು ಇರಬಹುದು. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಗುಜರಿಗೆ ಕೊಡಿ, ತಪ್ಪಿಲ್ಲ. ಕೊಡುವ ಮುಂಚೆ ಮುಚ್ಚಳ ತೆಗೆದು ಒಳಗೆ ನೋಡಿ, ಕೆತ್ತಿದ ನಂಬರು ಓದಿ, ಫೋಟೋ ತೆಗೆಯಿರಿ. ಬಳಸಿದವರು ಇನ್ನೂ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.

ನಮ್ಮ ಕ್ಯಾಬಿನೆಟ್ಟಿನಲ್ಲಿ ಎರಡು ಖಾನೆಗಳು ಖಾಲಿಯೇ ಇವೆ. ಹೊಸ ಡ್ರಾಯರು ಮಾಡಿಸಿ ಮುಚ್ಚಬಹುದಿತ್ತು. ಮುಚ್ಚಿಸಿಲ್ಲ. ಕಳೆದ ಆಯುಧಪೂಜೆಗೆ ಹಿರಿಯರು ಬಂದು ಒಳಚೌಕಟ್ಟಿನಲ್ಲಿ ಹದಿನೈದನೆಯ ಬೊಟ್ಟು ಇಟ್ಟರು.