ರುಜು ಹಾಕಿದ ಕೈ, ಒಪ್ಪದ ಸಭೆ

ಮನೆಯ ಯಜಮಾನರು ಪರವೂರಿಗೆ ಹೋಗಿ, ಹೆಣ್ಣು ನೋಡಿ, ಮೆಚ್ಚಿ, ತಾಂಬೂಲವನ್ನೂ ಬದಲಾಯಿಸಿಕೊಂಡು ಬಂದರೆನ್ನಿ. ಮನೆಗೆ ಬಂದು ಸುದ್ದಿ ತಿಳಿಸಿದರೆ ಮನೆಯಾಕೆ ಒಪ್ಪಲಿಲ್ಲ, ಅಣ್ಣತಮ್ಮಂದಿರು ಒಪ್ಪಲಿಲ್ಲ. ಆಗ ಆ ತಾಂಬೂಲದ ಗತಿಯೇನು? ಹೆಣ್ಣಿನ ಕಡೆಯವರು ಚಪ್ಪರಕ್ಕೆ ಕಂಬ ನೆಡಬೇಕೋ, ಬೇಡವೋ? ನಮ್ಮ ನಿಮ್ಮ ಮನೆಗಳಲ್ಲಿ ಅಪರೂಪಕ್ಕೆ ಒದಗುವ ಈ ಪೇಚು ರಾಷ್ಟ್ರರಾಷ್ಟ್ರಗಳ ನಡುವೆಯೂ ಉಂಟು. ಭೂಮಿಯ ಬಿಸಿ ಏರುವುದನ್ನು ತಡೆಯಲು ಜಗತ್ತಿನ ದೇಶಗಳು ಮಾಡಿಕೊಂಡ ಒಡಂಬಡಿಕೆಗಳ ಚರಿತ್ರೆಯಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಥೆ ಬಹುಮಟ್ಟಿಗೆ ಇಂಥದೇ. ಆ ಕಥೆಯನ್ನು ನಾವು ತಿಳಿಯಬೇಕಾದುದಕ್ಕೆ ಕಾರಣವಿದೆ. ಅದರೊಳಗೆ ನಮ್ಮ ದೇಶದ ಹೆಸರೂ ಮತ್ತೆ ಮತ್ತೆ ಬರುತ್ತದೆ.

ಮೊದಲು ಆ ಮನೆಯ ಕಟ್ಟಳೆಯನ್ನು ನೋಡೋಣ. ಅಮೆರಿಕದ ರಾಜ್ಯಾಂಗದ ಪ್ರಕಾರ ಪರರಾಷ್ಟ್ರಗಳೊಡನೆ ಕೌಲು ಮಾಡಿಕೊಳ್ಳುವ ಅಧಿಕಾರ ಅಧ್ಯಕ್ಷನದು. ಆದರೆ ಅದಕ್ಕೆ ಸೆನೆಟ್ ಸಭೆಯ ಒಪ್ಪಿಗೆ ಬೇಕು. ಅದೂ ಬರಿಯ ಬಹುಮತವಲ್ಲ, ಹಾಜರಿದ್ದವರಲ್ಲಿ ಮೂರರಲ್ಲಿ ಎರಡು ಪಾಲು. ಈ ಕಟ್ಟಳೆಯ ಬಿಸಿ ಮೊದಲು ಜಗತ್ತಿಗೆಲ್ಲ ತಟ್ಟಿದ್ದು ಒಂದನೆಯ ಮಹಾಯುದ್ಧವಾದ ಮೇಲೆ. ಅಧ್ಯಕ್ಷ ವುಡ್ರೋ ವಿಲ್ಸನ್ನರು 1919ರಲ್ಲಿ ತಾವೇ ಪ್ಯಾರಿಸ್ಸಿನಲ್ಲಿ ತಿಂಗಳುಗಟ್ಟಲೆ ಕುಳಿತು, ರಾಷ್ಟ್ರಸಂಘದ ಸ್ಥಾಪನೆಯನ್ನು ಒಳಗೊಂಡ ವರ್ಸೇಲ್ಸ್ ಕೌಲಿಗೆ ರುಜು ಹಾಕಿ ಬಂದರು. ಸೆನೆಟ್ ಒಪ್ಪಲಿಲ್ಲ. 1920ರ ಮಾರ್ಚ್ 19ರಂದು ಕಡೆಯ ಸಲ ಮತ ತೆಗೆದಾಗ ಪರವಾಗಿ 49, ವಿರೋಧವಾಗಿ 35 ಬಂದವು. ಬಹುಮತವೇನೋ ಇತ್ತು, ಮೂರರಲ್ಲಿ ಎರಡು ಪಾಲಿಗೆ 7 ಮತ ಕಡಮೆಯಾಯಿತು. ರಾಷ್ಟ್ರಸಂಘವನ್ನು ಕಲ್ಪಿಸಿದವನ ದೇಶವೇ ಅದರಿಂದ ಹೊರಗುಳಿಯಿತು. ನಾಯಕ ದೂರದೇಶದಲ್ಲಿ ಕೊಟ್ಟ ಮಾತನ್ನು ಊರಿನವರು ಸಂಶಯದಿಂದ ನೋಡುವ ಈ ಪದ್ಧತಿ ಎಷ್ಟು ಹಳೆಯದೆಂದು ಇದರಿಂದ ತಿಳಿಯಬಹುದು.

ಇನ್ನು ವಾಯುಮಂಡಲದ ಮಾತಿಗೆ ಬರೋಣ. ಕಲ್ಲಿದ್ದಲು, ಎಣ್ಣೆ ಉರಿಸಿದಾಗ ಹೊರಬೀಳುವ ಇಂಗಾಲಾಮ್ಲ ವಾಯುವು ಕಂಬಳಿಯಂತೆ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ಈ ವಾಯು ಹೆಚ್ಚಿದರೆ ಭೂಮಿ ಎಷ್ಟು ಕಾದೀತೆಂದು ಸ್ವೀಡನ್ನಿನ ಆರೇನಿಯಸ್ ಎಂಬ ವಿಜ್ಞಾನಿ 1896ರಲ್ಲಿಯೇ ಲೆಕ್ಕ ಹಾಕಿದ್ದನು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನ ಲೋವ ಬೆಟ್ಟದ ಮೇಲೆ ಅದನ್ನು ಅಳೆಯತೊಡಗಿದನು. 1959ರ ಸರಾಸರಿ, ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 316 ಪಾಲು. ಆಮೇಲೆ ಈ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಲೇ ಬಂತು. ಈ ಅಂಕಿಯನ್ನು ನೆನಪಿನಲ್ಲಿಡಿ. ಮುಂದೆ ಅದು ಬೇಕಾಗುತ್ತದೆ.

1992ರಲ್ಲಿ ಬ್ರೆಜಿಲಿನ ರಿಯೋ ನಗರದಲ್ಲಿ ಮೊದಲ ಒಡಂಬಡಿಕೆಯಾಯಿತು. ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರದೂ ಸಮನಲ್ಲ. ಶತಮಾನದಿಂದ ಹೊಗೆಯೆಬ್ಬಿಸಿದ ಸಿರಿವಂತ ದೇಶಗಳು ಮೊದಲ ಹೆಜ್ಜೆ ಇಡಬೇಕು ಎಂಬ ತತ್ತ್ವ ಅದರಲ್ಲಿತ್ತು. ಕಟ್ಟುನಿಟ್ಟಿನ ಅಂಕಿ ಯಾವುದೂ ಇರಲಿಲ್ಲ. ಆದ್ದರಿಂದಲೇ ಇರಬೇಕು, ಅದೇ ವರ್ಷದ ಅಕ್ಟೋಬರಿನಲ್ಲಿ ಸೆನೆಟ್ ಯಾವ ಗದ್ದಲವೂ ಇಲ್ಲದೆ ಅದನ್ನು ಒಪ್ಪಿತು. ತೊಡಕು ಹುಟ್ಟಿದ್ದು 1995ರಲ್ಲಿ. ಬರ್ಲಿನ್ನಿನಲ್ಲಿ ಸೇರಿದ ದೇಶಗಳು, ಮುಂದಿನ ಕರಾರಿನಲ್ಲಿ ಸಿರಿವಂತ ದೇಶಗಳಿಗೆ ಮಾತ್ರ ಹೊಸ ಕಟ್ಟು ಬೀಳತಕ್ಕದ್ದು, ಭಾರತ, ಚೀನ ಮೊದಲಾದವಕ್ಕೆ ಇಲ್ಲ ಎಂದು ನಿಶ್ಚಯಿಸಿದವು.

ಇಲ್ಲಿ ರಾಬರ್ಟ್ ಬರ್ಡ್ ಎಂಬ ಹಿರಿಯ ಸೆನೆಟರು ರಂಗಕ್ಕೆ ಬರುತ್ತಾರೆ. ಅವರು ಪಶ್ಚಿಮ ವರ್ಜೀನಿಯದವರು, ಕಲ್ಲಿದ್ದಲ ಗಣಿಕಾರನ ಮನೆಯಲ್ಲಿ ಬೆಳೆದವರು. 1990ರಲ್ಲಿ ವಾಯು ನೈರ್ಮಲ್ಯದ ಕಾಯಿದೆ ಬಂದಾಗ, ಅದರಿಂದ ಕೆಲಸ ಕಳೆದುಕೊಳ್ಳುವ ಗಣಿ ಕೆಲಸಗಾರರಿಗೆ ನೆರವು ಕೊಡಬೇಕೆಂದು ಅವರು ತಂದ ತಿದ್ದುಪಡಿ ಒಂದೇ ಒಂದು ಮತದಿಂದ ಬಿದ್ದುಹೋಗಿತ್ತು. ಹೊರಗಿನವರ ಒಳಿತಿಗಾಗಿ ತನ್ನ ಊರಿನವರೇ ಹಸಿಯಬೇಕೆ ಎಂಬ ಪ್ರಶ್ನೆ ಅವರಿಗೆ ಪುಸ್ತಕದ್ದಾಗಿರಲಿಲ್ಲ. ಬರ್ಡರು ಡೆಮಾಕ್ರಾಟ್ ಪಕ್ಷದವರು, ಅಧ್ಯಕ್ಷ ಕ್ಲಿಂಟನ್ನರ ಪಕ್ಷದವರೇ. ಅವರೂ ರಿಪಬ್ಲಿಕನ್ ಪಕ್ಷದ ಚಕ್ ಹೇಗಲ್ಲರೂ ಕೂಡಿ ಒಂದು ಠರಾವು ತಂದರು. ಬಡ ದೇಶಗಳಿಗೂ ಅದೇ ಅವಧಿಯಲ್ಲಿ ಕಟ್ಟು ಹಾಕದ, ಅಥವಾ ಅಮೆರಿಕದ ಆರ್ಥಿಕತೆಗೆ ಭಾರಿ ಹಾನಿ ತರುವ ಯಾವ ಕರಾರಿಗೂ ಅಧ್ಯಕ್ಷರು ರುಜು ಹಾಕಕೂಡದೆಂಬುದು ಅದರ ಸಾರಾಂಶ. 1997ರ ಜುಲೈ 25ರಂದು ಮತ ತೆಗೆದರು. ಪರವಾಗಿ 95, ವಿರೋಧವಾಗಿ ಸೊನ್ನೆ.

ಈ ಸೊನ್ನೆಯನ್ನು ಸ್ವಲ್ಪ ಯೋಚಿಸಿ ನೋಡಿ. ಅಷ್ಟೂ ಜನ ಭೂಮಿ ಬಿಸಿಯಾಗುವುದನ್ನೇ ನಂಬದವರೇನಲ್ಲ. ಅಲ್ಲಿ ಎರಡು ಬಗೆಯ ಸಂಶಯಗಳು ಒಂದೇ ಸಾಲಿನಲ್ಲಿ ಕುಳಿತಿದ್ದವು. ಒಂದು, ಹೊರೆಯ ಹಂಚಿಕೆ ಸರಿಯೇ, ನಮ್ಮ ನಾಯಕರು ನಮ್ಮನ್ನು ಕೇಳದೆ ಮಾತು ಕೊಡುತ್ತಿದ್ದಾರೆಯೇ ಎಂಬ ಸಂಶಯ. ಇದು ಪ್ರಾಮಾಣಿಕವಾದದ್ದು, ಉತ್ತರಕ್ಕೆ ಅರ್ಹವಾದದ್ದು. ಇನ್ನೊಂದು, ಬಿತ್ತಿ ಬೆಳೆಸಿದ ಸಂಶಯ. ಎಣ್ಣೆ, ಕಲ್ಲಿದ್ದಲು, ಮೋಟಾರು ಉದ್ಯಮಗಳ ಕೂಟಗಳು ವಿಜ್ಞಾನವೇ ಇನ್ನೂ ಅನಿಶ್ಚಿತವೆಂದು ವರ್ಷಗಟ್ಟಲೆ ಪ್ರಚಾರ ಮಾಡಿದ್ದವು. ಬಿತ್ತಿದವರಿಗೆ ಮೊದಲ ಬಗೆಯ ಸಂಶಯ ಒಳ್ಳೆಯ ಹೊಲವಾಯಿತು.

ಇತ್ತ ನಮ್ಮ ಕಡೆಯ ವಾದವೂ ಬಲವಾದದ್ದೇ. 1991ರಲ್ಲಿಯೇ ದೆಹಲಿಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ ಅವರು, ಹೊಟ್ಟೆಪಾಡಿಗೆ ಏಳುವ ಹೊಗೆ ಬೇರೆ, ಭೋಗಕ್ಕೆ ಏಳುವ ಹೊಗೆ ಬೇರೆ ಎಂದು ಬರೆದಿದ್ದರು. 1997ರ ಹೊತ್ತಿಗೆ ಅಮೆರಿಕದಲ್ಲಿ ತಲೆಯೊಂದಕ್ಕೆ ವರ್ಷಕ್ಕೆ ಸುಮಾರು 20 ಟನ್ ಇಂಗಾಲಾಮ್ಲ ಏಳುತ್ತಿದ್ದರೆ, ಭಾರತದಲ್ಲಿ ಒಂದು ಟನ್ನೂ ಇರಲಿಲ್ಲ. ಒಂದೇ ಊಟದ ಲೆಕ್ಕವನ್ನು ಹೊಟ್ಟೆ ತುಂಬ ಉಂಡವನೂ ಎಲೆ ಕೊನೆಯಲ್ಲಿ ಕುಳಿತವನೂ ಸಮಸಮ ಕೊಡಬೇಕೆ? ಪಶ್ಚಿಮ ವರ್ಜೀನಿಯದ ಗಣಿಕಾರ, ಭಾರತದ ರೈತ, ಇಬ್ಬರ ಪ್ರಶ್ನೆಯೂ ನ್ಯಾಯದ್ದೇ. ಇಬ್ಬರನ್ನೂ ಎದುರು ಬದುರು ಕೂರಿಸಿ ಉತ್ತರ ಹೇಳುವ ನಾಯಕ ಮಾತ್ರ ದೊರೆಯಲಿಲ್ಲ.

ಅದೇ ವರ್ಷದ ಡಿಸೆಂಬರಿನಲ್ಲಿ ಜಪಾನಿನ ಕ್ಯೋಟೋ ನಗರದಲ್ಲಿ ಮಾತುಕತೆ ಕಗ್ಗಂಟಾದಾಗ ಉಪಾಧ್ಯಕ್ಷ ಆಲ್ ಗೋರ್ ವಿಮಾನವೇರಿ ಹೋಗಿ, ಪಟ್ಟು ಸಡಿಲಿಸಲು ತಮ್ಮವರಿಗೆ ತಿಳಿಸಿದರು. ಕರಾರಾಯಿತು. 2008ರಿಂದ 2012ರ ಒಳಗೆ ಅಮೆರಿಕ ತನ್ನ ಹೊಗೆಯನ್ನು 1990ರ ಮಟ್ಟಕ್ಕಿಂತ ನೂರಕ್ಕೆ 7ರಷ್ಟು, ಯೂರೋಪು 8ರಷ್ಟು, ಜಪಾನು 6ರಷ್ಟು ಇಳಿಸತಕ್ಕದ್ದು. 1998ರ ನವೆಂಬರ್ 12ರಂದು ಅಮೆರಿಕದ ರುಜುವೂ ಬಿತ್ತು. ಆದರೆ ಕ್ಲಿಂಟನ್ನರು ಆ ಕಾಗದವನ್ನು ಸೆನೆಟ್ಟಿನ ಮುಂದೆ ಇಡಲೇ ಇಲ್ಲ. ಇಟ್ಟರೆ ಏನಾಗುವುದೆಂದು ಅವರಿಗೆ ಗೊತ್ತಿತ್ತು. ತಾಂಬೂಲ ಪೆಟ್ಟಿಗೆಯಲ್ಲಿಯೇ ಬಾಡಿತು. 2001ರ ಮಾರ್ಚ್ 13ರಂದು ಹೊಸ ಅಧ್ಯಕ್ಷ ಜಾರ್ಜ್ ಬುಷ್ಷರು ಹೇಗಲ್ ಮತ್ತು ಬೇರೆ ಮೂವರು ಸೆನೆಟರುಗಳಿಗೆ ಪತ್ರ ಬರೆದು, ಚೀನ ಭಾರತಗಳನ್ನು ಬಿಟ್ಟುಕೊಟ್ಟಿರುವ ಕ್ಯೋಟೋ ಕರಾರಿಗೆ ತಾವು ವಿರೋಧಿಯೆಂದು ತಿಳಿಸಿದರು.

ಉಳಿದ ದೇಶಗಳು ಚಪ್ಪರ ಕೀಳಲಿಲ್ಲ. ರಷ್ಯವು ಒಪ್ಪಿದ ಮೇಲೆ 2005ರ ಫೆಬ್ರವರಿ 16ರಂದು ಕ್ಯೋಟೋ ಕರಾರು ಅಮೆರಿಕವಿಲ್ಲದೆಯೇ ಜಾರಿಗೆ ಬಂತು. ಅದರಲ್ಲೊಂದು ಏರ್ಪಾಟಿತ್ತು. ಬಡ ದೇಶದಲ್ಲಿ ಹೊಗೆ ಉಳಿಸಿದರೆ ಆ ಉಳಿತಾಯದ ಪತ್ರವನ್ನು ಸಿರಿವಂತ ದೇಶ ಕೊಳ್ಳಬಹುದಿತ್ತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಬಾಗೇಪಲ್ಲಿಯ ಕೂಲಿ ಸಂಘದವರು ಇದೇ ಏರ್ಪಾಟಿನಲ್ಲಿ 5,500 ಸಗಣಿ ಅನಿಲದ ಒಲೆಗಳ ಯೋಜನೆಯನ್ನು 2005ರಲ್ಲಿ ವಿಶ್ವಸಂಸ್ಥೆಯಲ್ಲಿ ದಾಖಲು ಮಾಡಿಸಿದರು. ಸೌದೆಯ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸರ ಅಡಿಗೆಮನೆಗೂ ಕ್ಯೋಟೋದ ಕಾಗದಕ್ಕೂ ಹೀಗೊಂದು ನಂಟು ಬೆಳೆಯಿತು. ದೊಡ್ಡವರ ರುಜುವಿನ ಬೆಲೆ ಸಣ್ಣವರ ಒಲೆಯಲ್ಲಿ ಗೊತ್ತಾಗುತ್ತದೆ. ಆದರೂ ಅತಿ ದೊಡ್ಡ ಗಿರಾಕಿಯೇ ಹೊರಗುಳಿದ ಸಂತೆ ಎಷ್ಟು ದಿನ ತುಂಬೀತು? 2011ರ ಡಿಸೆಂಬರಿನಲ್ಲಿ ಕೆನಡವೂ ಬಿಟ್ಟುಹೋಗುವುದಾಗಿ ಹೇಳಿತು.

1997ರ ಆ ಸೊನ್ನೆಯ ನೆರಳು ಎಷ್ಟು ಉದ್ದಕ್ಕೆ ಚಾಚಿತೆಂಬುದು 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಕಂಡಿತು. ಅಲ್ಲಿಯ ಒಡಂಬಡಿಕೆಯಲ್ಲಿ ಹೊಗೆ ಇಳಿಸುವ ಅಂಕಿಯನ್ನು ಪ್ರತಿ ದೇಶವೂ ತಾನೇ ಗೊತ್ತುಮಾಡಿಕೊಳ್ಳಬಹುದಿತ್ತು. ಹಾಗೆ ಮಾಡಿದುದಕ್ಕೆ ಒಂದು ಮುಖ್ಯ ಕಾರಣ, ಸೆನೆಟ್ಟಿನ ಬಾಗಿಲು ತಟ್ಟದೆ ಅಮೆರಿಕ ಒಳಗೆ ಬರಲಿ ಎಂಬುದು. ಆದರೆ ಕೊನೆಯ ಕರಡಿನಲ್ಲಿ ಒಂದು ಮಾತು ನುಸುಳಿತ್ತು: ಸಿರಿವಂತ ದೇಶಗಳು ಹೊಗೆ ಇಳಿಸುವುದರಲ್ಲಿ ಮುಂದಾಳಾಗ‘ತಕ್ಕದ್ದು’ ಎಂದು. ‘ತಕ್ಕದ್ದು’ ಎಂದರೆ ಕಾನೂನಿನ ಕಟ್ಟು. ಕಟ್ಟು ಎಂದರೆ ಮತ್ತೆ ಸೆನೆಟ್. ಅಮೆರಿಕದ ಪ್ರತಿನಿಧಿಗಳು ಒಪ್ಪಲಿಲ್ಲ. ಸಭೆ ತಡವಾಯಿತು. ಕಡೆಗೆ ಅದನ್ನು ಬೆರಳಚ್ಚಿನ ತಪ್ಪೆಂಬಂತೆ ಇತರ ತಿದ್ದುಪಡಿಗಳ ಜೊತೆಯಲ್ಲಿ ಓದಿ, ‘ಮುಂದಾಳಾಗುವುದು ಯುಕ್ತ’ ಎಂಬರ್ಥದ ಮಾತಿಗೆ ಇಳಿಸಿದರು. ಅಧ್ಯಕ್ಷತೆ ವಹಿಸಿದ್ದ ಫ್ರಾನ್ಸಿನ ಲೋರಾಂ ಫಾಬಿಯುಸ್ ಸುತ್ತಿಗೆ ಬಡಿದರು. ಸಭೆ ಎದ್ದು ಚಪ್ಪಾಳೆ ತಟ್ಟಿತು.

ಒಬ್ಬರ ರುಜುವಿನಿಂದ ಬಂದದ್ದು ಇನ್ನೊಬ್ಬರ ರುಜುವಿನಿಂದ ಹೋಗಲೂಬಹುದಷ್ಟೆ. 2016ರ ಸೆಪ್ಟೆಂಬರಿನಲ್ಲಿ ಒಬಾಮ ಅವರು ತಮ್ಮ ಅಧಿಕಾರದಿಂದಲೇ ಒಪ್ಪಿಗೆ ಕೊಟ್ಟರು. ಅಕ್ಟೋಬರ್ 2ರಂದು ಭಾರತವೂ ಕೊಟ್ಟಿತು. 2017ರ ಜೂನ್ 1ರಂದು ಟ್ರಂಪ್ ಹೊರಹೋಗುವುದಾಗಿ ಸಾರಿದರು, 2020ರ ನವೆಂಬರ್ 4ರಂದು ಅದು ಜಾರಿಯಾಯಿತು. 2021ರ ಫೆಬ್ರವರಿ 19ರಂದು ಬೈಡನ್ ಮತ್ತೆ ಸೇರಿಸಿದರು. 2025ರ ಜನವರಿ 20ರಂದು, ಗಾದಿಗೆ ಮರಳಿದ ದಿನವೇ, ಟ್ರಂಪ್ ಮತ್ತೆ ಹೊರಹೋಗುವ ಆಜ್ಞೆಗೆ ರುಜು ಹಾಕಿದರು. ಸೊಸೆ ಮನೆಗೆ ಬಂದಳೋ ಇಲ್ಲವೋ ಎಂಬುದೇ ಊರಿಗೆ ತಿಳಿಯದ ಹಾಗಾಯಿತು.

ಹಾಗಾದರೆ ನಾಯಕರ ಮಾತನ್ನು ಪ್ರಜೆಗಳು ಸಂಶಯಿಸಕೂಡದೆ? ಖಂಡಿತ ಸಂಶಯಿಸಬೇಕು. ಪ್ರಜಾಪ್ರಭುತ್ವದ ಕಾವಲು ಅದೇ. ಆದರೆ ಸಂಶಯಪಟ್ಟವನು ಉತ್ತರವನ್ನು ಹುಡುಕುವುದೂ ಉಂಟು, ಸಂಶಯವನ್ನೇ ಹಾಸಿಕೊಂಡು ಮಲಗುವುದೂ ಉಂಟು. ಠರಾವು ತಂದ ಬರ್ಡರು ಮಲಗಲಿಲ್ಲ. 2009ರ ಡಿಸೆಂಬರಿನಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ, ತಮ್ಮ ಕಲ್ಲಿದ್ದಲ ನಾಡಿನವರನ್ನೇ ಉದ್ದೇಶಿಸಿ, ಹವೆಯ ಬದಲಾವಣೆಯ ವಿಜ್ಞಾನವನ್ನು ಇನ್ನೂ ಅಲ್ಲಗಳೆಯುವುದು ಸಲ್ಲದು, ಕಲ್ಲಿದ್ದಲು ಬರುವ ಕಾಲಕ್ಕೆ ಹೊಂದಿಕೊಳ್ಳಬೇಕು ಎಂಬ ಅರ್ಥದಲ್ಲಿ ಬರೆದರು. ಮುಂದಿನ ಜೂನಿನಲ್ಲಿ ತೀರಿಕೊಂಡರು. ಅವರ ಠರಾವನ್ನು ಎಲ್ಲರೂ ನೆನೆಯುತ್ತಾರೆ, ಈ ಬರಹವನ್ನು ನೆನೆಯುವವರು ಕಡಮೆ.

ಮೌನ ಲೋವದ ಅಂಕಿಯನ್ನು ನೆನಪಿನಲ್ಲಿಡಿ ಎಂದಿದ್ದೆನಲ್ಲವೆ? 1959ರಲ್ಲಿ 316 ಇದ್ದದ್ದು, 95 ಮತ ಬಿದ್ದ 1997ರಲ್ಲಿ ಸುಮಾರು 364 ಆಗಿತ್ತು. ಪ್ಯಾರಿಸ್ಸಿನಲ್ಲಿ ಒಂದು ಪದವನ್ನು ತಿದ್ದಿದ 2015ರಲ್ಲಿ 401, 2024ರಲ್ಲಿ ಸುಮಾರು 425. ಬೆಟ್ಟದ ಮೇಲಿನ ಆ ಯಂತ್ರಕ್ಕೆ ಯಾರ ರುಜುವೂ ತಿಳಿಯದು, ಯಾರ ಸಂಶಯವೂ ತಿಳಿಯದು.