ಮುತ್ತಜ್ಜಿಯ ಹೆಸರು ಯಾವ ಕಡತದಲ್ಲಿದೆ?

ಚೆನ್ನೈಯ ಕನ್ನಡ ಮನೆಗಳಲ್ಲಿ "ನಿಮ್ಮ ಮೂಲ ಊರು ಯಾವುದು?" ಎಂದರೆ ಉಡುಪಿ, ಕುಂದಾಪುರ, ಬಳ್ಳಾರಿ, ಕೊಳ್ಳೇಗಾಲ ಎಂದು ತಟ್ಟನೆ ಉತ್ತರ ಬರುತ್ತದೆ. "ಅಲ್ಲಿಂದ ಮೊದಲು ಬಂದವರು ಯಾರು?" ಎಂದರೆ ಅಜ್ಜನ ಹೆಸರು, ಹೆಚ್ಚೆಂದರೆ ಮುತ್ತಜ್ಜನ ಹೆಸರು. ಅವರ ಹೆಂಡತಿಯ ಹೆಸರು ಕೇಳಿದರೆ ಮಾತು ನಿಲ್ಲುತ್ತದೆ.

ನಮ್ಮ ಮನೆಯಲ್ಲಿ ಮುತ್ತಜ್ಜಿಗೆ ಎರಡು ಹೆಸರು ಹೇಳುತ್ತಾರೆ. ಒಂದು ತವರಿನದು, ಇನ್ನೊಂದು ಮದುವೆಯಲ್ಲಿ ಇಟ್ಟದ್ದೋ? ಅಥವಾ ಮುತ್ತಜ್ಜನಿಗೆ ಇಬ್ಬರು ಹೆಂಡಿರಿದ್ದರೋ? ಇಬ್ಬರಿದ್ದರೆ ನನ್ನ ಅಜ್ಜನನ್ನು ಹೆತ್ತವಳು ಯಾರು? ಈ ಪ್ರಶ್ನೆ ಹಿಡಿದು ಹೊರಟಾಗ ತಿಳಿದ ಕೆಲವು ಸಂಗತಿಗಳನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ನೆನಪಾಗುವುದು ಜನಗಣತಿ. ಬ್ರಿಟನ್ನಿನಲ್ಲಿ 1841ರಿಂದ ಮನೆಮಂದಿಯ ಹೆಸರಿರುವ ಗಣತಿ ಹಾಳೆಗಳು ಉಳಿದಿವೆ. ಇಂಗ್ಲೆಂಡಿನ 1921ರ ಹಾಳೆಗಳು ನೂರು ವರ್ಷ ಕಳೆದ ಮೇಲೆ 2022ರಲ್ಲಿ ಸಾರ್ವಜನಿಕರಿಗೆ ತೆರೆದವು. ಅಮೆರಿಕದಲ್ಲಿ 72 ವರ್ಷ ಕಾದರೆ ಸಾಕು. ನಮ್ಮಲ್ಲಿ ಹಾಗಿಲ್ಲ. ಮದರಾಸು ಪ್ರಾಂತ್ಯದಲ್ಲಿ 1871ರಲ್ಲಿ ಗಣತಿ ನಡೆಯಿತು, 1881ರಲ್ಲಿ ಇಡೀ ದೇಶದಲ್ಲಿ ಒಂದೇ ಹೊತ್ತಿಗೆ ನಡೆಯಿತು. ಆದರೆ ಲೆಕ್ಕ ಮುಗಿದ ಮೇಲೆ ಹೆಸರಿನ ಹಾಳೆಗಳನ್ನು ಕಾಪಾಡಲಿಲ್ಲ, ಉಳಿದದ್ದು ಕೋಷ್ಟಕಗಳು. 1948ರ ಜನಗಣತಿ ಕಾಯ್ದೆಯ ಪ್ರಕಾರವೂ ಒಬ್ಬರ ವಿವರವನ್ನು ಇನ್ನೊಬ್ಬರು ನೋಡುವಂತಿಲ್ಲ. ಹೀಗಾಗಿ ಮುತ್ತಜ್ಜಿ ಅಲ್ಲಿ ಬರೀ ಒಂದು ಅಂಕೆ.

ಚರ್ಚಿನ ದಾಖಲೆಗಳು ಇದಕ್ಕಿಂತ ಉದಾರ. ಕೋಟೆಯೊಳಗಿನ ಸೇಂಟ್ ಮೇರೀಸ್ ಚರ್ಚ್ ಆರಂಭವಾದದ್ದು 1680ರಲ್ಲಿ. ಅದೇ ವರ್ಷ ಅಲ್ಲಿ ನಡೆದ ಮೊದಲ ಮದುವೆ ಎಲಿಹು ಯೇಲ್ ಮತ್ತು ವಿಧವೆ ಕ್ಯಾಥರೀನ್ ಹಿನ್ಮರ್ಸ್ ಅವರದು. ವಧುವಿನ ಹೆಸರು ಮುನ್ನೂರು ವರ್ಷ ದಾಟಿ ನಮಗೆ ಸಿಗುತ್ತದೆ. ಆದರೆ ಕಂಪನಿಯ ಕಾಲದ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಯುರೋಪಿಯನ್ ತಂದೆ, ಭಾರತೀಯ ತಾಯಿಯ ಮಗು ಬಂದಾಗ ತಂದೆಗೆ ಪೂರ್ಣ ಹೆಸರು, ತಾಯಿಗೆ ಹಲವು ಬಾರಿ ಹೆಸರೇ ಇಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಸಭೆಗಳಿಗೆ ಸೇರಿದ ಕನ್ನಡ ಕುಟುಂಬಗಳಿಗೂ ಚರ್ಚಿನ ಪುಸ್ತಕವೇ ದೊಡ್ಡ ಆಧಾರ.

ಉಳಿದವರಿಗೆ ಬೇರೆ ದಾರಿಗಳಿವೆ. ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ ದವಸ ಪಡೆಯುತ್ತಿದ್ದರು. ಅಲ್ಲಿ ಹೆಚ್ಚಾಗಿ ಗಂಡುಮಕ್ಕಳ ಸಾಲು. ದಕ್ಷಿಣ ಕನ್ನಡ, ಕೊಳ್ಳೇಗಾಲ 1956ರವರೆಗೆ, ಬಳ್ಳಾರಿ 1953ರವರೆಗೆ ಮದರಾಸಿಗೆ ಸೇರಿದ್ದರಿಂದ ಆ ಕಾಲದ ಸರ್ಕಾರಿ ಕಡತಗಳನ್ನು ಹುಡುಕಲು ನಾವು ಬೆಂಗಳೂರಿಗೇ ಹೋಗಬೇಕೆಂದಿಲ್ಲ, ಎಗ್ಮೋರಿನ ತಮಿಳುನಾಡು ದಾಖಲಾಗಾರ ಇಲ್ಲೇ ಇದೆ. ಸಬ್‌ ರಿಜಿಸ್ಟ್ರಾರ್ ಕಚೇರಿಯ ದಾನಪತ್ರ, ವಿಭಾಗಪತ್ರ, ವಿಧವೆಯರ ಜೀವನಾಂಶದ ಕರಾರುಗಳಲ್ಲಿ ಹೆಂಗಸರ ಹೆಸರು ಬರುತ್ತದೆ. ಆಸ್ತಿಯ ಮಾತು ಬಂದರೆ ಹೆಸರು ಬರೆಯದೆ ಆಗುವುದಿಲ್ಲವಲ್ಲ!

ಹುಡುಕುವಾಗ ಒಂದು ಎಚ್ಚರ ಬೇಕು. ನಾನು ಕೆಲಸ ಮಾಡುವ ಡೇಟಾಬೇಸ್‌ಗಳಲ್ಲಿ ಹೆಸರೊಂದನ್ನೇ ನಂಬಿ ಎರಡು ದಾಖಲೆಗಳನ್ನು ಜೋಡಿಸುವುದಿಲ್ಲ. ವಂಶವೃಕ್ಷಕ್ಕೂ ಅದೇ ನಿಯಮ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮಲ್ಲಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಮರಳುತ್ತದೆ. ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ, ಅಲ್ಲಿಂದ ಇಂಗ್ಲಿಷಿಗೆ ಹೋದರೆ ಹೆಸರಿನ ಗುರುತೇ ಸಿಗದು. ವಯಸ್ಸನ್ನು ಮೂವತ್ತು, ನಲವತ್ತು ಎಂದು ಅಂದಾಜಿಗೆ ಬರೆಸುತ್ತಿದ್ದರು. ಆದ್ದರಿಂದ ಹೆಸರು, ಊರು, ಗಂಡ ಅಥವಾ ತಂದೆ, ಕಾಲ ಇವು ನಾಲ್ಕೂ ಹೊಂದಬೇಕು.

ನಮ್ಮ ಮನೆಯ ಪ್ರಶ್ನೆಗೆ ಎರಡು ಕಾಗದ ಸಿಕ್ಕವು. ತವರಿನ ದಾನಪತ್ರವೊಂದರಲ್ಲಿ ಒಂದು ಹೆಸರಿದೆ, ಪಕ್ಕದಲ್ಲಿ ಗಂಡನೆಂದು ಮುತ್ತಜ್ಜನ ಹೆಸರು. ಅಜ್ಜ ತರ್ಪಣಕ್ಕೆಂದು ಬರೆದಿಟ್ಟ ಪಟ್ಟಿಯಲ್ಲಿ ತಾಯಿಯ ಜಾಗದಲ್ಲಿ ಇನ್ನೊಂದು ಹೆಸರು. ತರ್ಪಣದಲ್ಲಿ ತೀರಿಹೋದ ಮಲತಾಯಿಗೂ ಸ್ಥಾನವಿದೆ. ಹಿರಿಯರೆಲ್ಲ ತೀರಿಕೊಂಡ ಮೇಲೆ ಬರೆದ ಆ ಪಟ್ಟಿಯಲ್ಲಿ ಆ ಸಾಲು ಖಾಲಿ. ಹಾಗಾಗಿ ಇಬ್ಬರಲ್ಲ, ಎರಡು ಹೆಸರಿನ ಒಬ್ಬಳೇ ಇರಬೇಕು. ಇದು ಬಲವಾದ ಊಹೆ, ರುಜುವಾತಲ್ಲ. ವಂಶವೃಕ್ಷದಲ್ಲಿ ಎರಡೂ ಹೆಸರು ಬರೆದು ಪಕ್ಕದಲ್ಲಿ ಪ್ರಶ್ನೆಚಿಹ್ನೆ ಇಟ್ಟಿದ್ದೇನೆ.

ಹೆಸರಿಲ್ಲದಿದ್ದರೆ ಏನು ನಷ್ಟ ಎನ್ನುವವರಿಗೆ ಒಂದು ಮಾತು. 1951-52ರ ಮೊದಲ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಮಹಿಳೆಯರು ಮತದಾರರ ಪಟ್ಟಿಯಿಂದ ಹೊರಗುಳಿದರು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು, ಸ್ವಂತ ಹೆಸರು ಕೊಟ್ಟಿರಲಿಲ್ಲ.

ಮುಂದಿನ ಗಣತಿ ಡಿಜಿಟಲ್ ಆದರೂ ನಮ್ಮ ಹೆಸರನ್ನು ಮೊಮ್ಮಕ್ಕಳಿಗೆ ತಲುಪಿಸುವುದು ಅದರ ಕೆಲಸವಲ್ಲ. ಅದು ನಮ್ಮ ಕೆಲಸ. ಮನೆಯಲ್ಲಿರುವ ಹಿರಿಯರನ್ನು ಈ ವಾರವೇ ಕೇಳಿ. ಅಮ್ಮ, ಅಜ್ಜಿ, ಮುತ್ತಜ್ಜಿ, ಹಾಗೆಯೇ ಅತ್ತೆ, ಅತ್ತೆಯ ತಾಯಿ, ಎಲ್ಲರ ತವರಿನ ಹೆಸರು, ಮದುವೆಯ ಹೆಸರು, ಊರು ಬರೆದುಕೊಳ್ಳಿ. ಯಾರು ಹೇಳಿದ್ದು, ಯಾವ ತಾರೀಖು ಎಂಬುದನ್ನೂ ಸೇರಿಸಿ. ಹಳೆಯ ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಬರೆದ ನಾಲ್ಕು ಹೆಸರು ಮುಂದೆ ಹುಡುಕುವ ಹೆಣ್ಣುಮಗಳಿಗೆ ದಾರಿಯಾಗುತ್ತದೆ.