ಗುಳಿಗೆ ಎಣಿಸಿದವನ ಲೆಕ್ಕ

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಸರ್ಕಾರ ಪುಕ್ಕಟೆ ಔಷಧಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್ 1ಕ್ಕೆ. ನಡುವಿನ ಹದಿನೆಂಟು ವರ್ಷ ಪುಣೆ–ಬೆಂಗಳೂರು ಹೆದ್ದಾರಿಯ ನಮ್ಮ ದಾವಣಗೆರೆ, ಹರಿಹರಗಳಲ್ಲಿ ಸತ್ತವರ ಮನೆಯವರು ‘ಟಿಬಿ ಆಗಿತ್ತು’ ಎಂದಷ್ಟೇ ಹೇಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಅಲ್ಲ. ಎಚ್‌ಐವಿ ಇದ್ದವರನ್ನು ಹೆಚ್ಚಾಗಿ ಒಯ್ದದ್ದು ಟಿಬಿಯೇ. 2001ರಲ್ಲಿ ಸಿಪ್ಲಾ ಕಂಪನಿ ಮೂರು ಔಷಧಿಯನ್ನು ವರ್ಷಕ್ಕೆ 350 ಡಾಲರಿಗೆ ಕೊಡುತ್ತೇನೆಂದಾಗ ಜಗತ್ತೇ ಬೆರಗಾಯಿತು. ಹರಿಹರದ ಹಮಾಲಿಗೆ ಆ ದುಡ್ಡೂ ಎಟುಕುವಂತಿರಲಿಲ್ಲ.

ಪುಕ್ಕಟೆ ಚಿಕಿತ್ಸೆಯ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಕೆಲ ವರ್ಷಗಳಲ್ಲಿ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರ ದಾವಣಗೆರೆಯ ನಮ್ಮ ಚಿಗಟೇರಿ ಆಸ್ಪತ್ರೆಗೂ ಬಂತು. ನಾನು ಫಾರ್ಮಸಿಸ್ಟ್. ಗುಳಿಗೆ ಕೊಡುವುದು, ಮುಂದಿನ ತಿಂಗಳು ಉಳಿದದ್ದನ್ನು ಎಣಿಸುವುದು ನನ್ನ ಕೆಲಸವಾಗಿತ್ತು. ತಿಂಗಳ 60 ಗುಳಿಗೆಯಲ್ಲಿ ಮೂರಕ್ಕಿಂತ ಹೆಚ್ಚು ತಪ್ಪಿದರೆ ಔಷಧಿ ನಾಟದೆ ವೈರಸ್ ಅದಕ್ಕೆ ಪಳಗಿಬಿಡಬಹುದು ಎಂಬುದು ಆಗಿನ ಲೆಕ್ಕ. ದುಗ್ಗಮ್ಮನ ಜಾತ್ರೆ ಆದ ತಿಂಗಳು ಲೆಕ್ಕ ತಪ್ಪುವುದು ಖಾತ್ರಿ. ಮನೆ ತುಂಬ ನೆಂಟರಿರುವಾಗ ನುಂಗುವುದೆಲ್ಲಿ? ಹರಿಹರದ ಬಸ್ಸಿನಲ್ಲಿ ಗಲಗಲ ಸದ್ದಾಗಬಾರದೆಂದು ಹೆಣ್ಣುಮಕ್ಕಳು ನನ್ನೆದುರೇ ಚೀಟಿ ಕಿತ್ತು ಡಬ್ಬಿಗೆ ಹತ್ತಿ ತುರುಕುತ್ತಿದ್ದರು.

ಆಗ ಸಿಡಿ4 (ರಕ್ತದ ರೋಗನಿರೋಧಕ ಕಣಗಳ) ಎಣಿಕೆ 200ಕ್ಕಿಂತ ಇಳಿದ ಮೇಲೆಯೇ ಹೆಚ್ಚಿನವರಿಗೆ ಔಷಧಿ. ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಾಪಿನ್ ಸೇರಿದ ಗುಳಿಗೆ, ದಿನಕ್ಕೆರಡು ಹೊತ್ತು. ಹಾಸಿಗೆ ಹಿಡಿದವರು ಎದ್ದು ಹೊಲಕ್ಕೆ ಹೋದರು. ಆದರೆ ವರ್ಷ ಕಳೆದಂತೆ ಸ್ಟಾವುಡಿನ್ ಕೆನ್ನೆ ಕರಗಿಸಿತು, ಕೈಕಾಲು ಸಣಕಲಾದವು, ಅಂಗಾಲು ಉರಿಯತೊಡಗಿತು. ರೋಗ ಮುಚ್ಚಿಟ್ಟವರನ್ನು ಔಷಧಿಯೇ ಹಿಡಿದುಕೊಟ್ಟಿತು. 2009ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕೈಬಿಡಿ ಎಂದಿತು. ಬದಲಿಗೆ ಕೊಟ್ಟ ಜಿಡೋವುಡಿನ್ ಕೆಲವರ ರಕ್ತ ಇಳಿಸಿತು. ಆಮೇಲೆ ಎಫಾವಿರೆಂಜ್ ಸೇರಿದ, ರಾತ್ರಿಗೊಂದೇ ಗುಳಿಗೆ ಬಂತು. ಜೊತೆಗೆ ತಲೆಸುತ್ತು, ಕೆಟ್ಟ ಕನಸು. “ರಾತ್ರಿಯೆಲ್ಲ ಸತ್ತೋರು ಬಂದು ಮಾತಾಡಿಸ್ತಾರ್ರೀ ಸರ್” ಎಂದಿದ್ದಳು ಒಬ್ಬಾಕೆ.

ಸಿಡಿ4 ಮಿತಿ 350ಕ್ಕೆ, 500ಕ್ಕೆ ಏರಿ, 2017ರಲ್ಲಿ ಹೊರಟೇಹೋಯಿತು: ಸೋಂಕು ಗೊತ್ತಾದೊಡನೆ ಚಿಕಿತ್ಸೆ. 2020ರ ನಂತರ ಡೊಲುಟೆಗ್ರಾವಿರ್ ಬಂತು. ವೈರಸ್ ಬೇಗ ಅಡಗುತ್ತದೆ, ಕನಸಿನ ಕಾಟ ಕಡಿಮೆ. ಕೆಲವರಿಗೆ ಮೈ ಬರುತ್ತದೆ.

ಅಂದು ಬದುಕಿದವರಿಗೆ ಈಗ ವಯಸ್ಸಾಗಿದೆ. ಎಲ್ಲರಂತೆ ಬಿಪಿ, ಸಕ್ಕರೆ, ಮೊಣಕಾಲು ನೋವು. ಅದಕ್ಕೆ ಖಾಸಗಿ ಡಾಕ್ಟರ ಬಳಿ ಹೋಗುತ್ತಾರೆ, ಅಲ್ಲಿ ಎಚ್‌ಐವಿ ಮಾತೆತ್ತುವುದಿಲ್ಲ. ಡೊಲುಟೆಗ್ರಾವಿರ್ ನುಂಗುವವರ ರಕ್ತದಲ್ಲಿ ಸಕ್ಕರೆ ಕಾಯಿಲೆಯ ಔಷಧಿ ಮೆಟ್‌ಫಾರ್ಮಿನ್ ಹೆಚ್ಚು ನಿಲ್ಲುತ್ತದೆ. ಅದಕ್ಕೇ ಅದನ್ನು ಸಾಮಾನ್ಯವಾಗಿ ದಿನಕ್ಕೆ 1000 ಮಿಲಿಗ್ರಾಂ ದಾಟಿಸುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗಳನ್ನು ಬರಿಹೊಟ್ಟೆಯಲ್ಲಿ ಡೊಲುಟೆಗ್ರಾವಿರ್ ಒಟ್ಟಿಗೆ ನುಂಗಿದರೆ ಡೊಲುಟೆಗ್ರಾವಿರ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಗೊತ್ತಿಲ್ಲದ ಡಾಕ್ಟರು ಇದನ್ನೆಲ್ಲ ಲೆಕ್ಕ ಹಾಕುವುದು ಹೇಗೆ?

ಮುಚ್ಚಿಟ್ಟದ್ದಕ್ಕೆ ಯಾರನ್ನೂ ದೂರಲಾರೆ. ಮನೆ, ಕೂಲಿ, ಮಕ್ಕಳ ಮದುವೆ ಉಳಿದದ್ದೇ ಅದರಿಂದ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯೂ ಆ ಗುಟ್ಟನ್ನು ಕಾಯುತ್ತದೆ, ಭೇದ ಮಾಡುವುದನ್ನು ತಡೆಯುತ್ತದೆ. ಹಾಗಾಗಿ ಹಳಬರಿಗೆ ನಾನು ಹೇಳುವುದು ಇಷ್ಟೇ: ಓಣಿಗೆ ಹೇಳಬೇಡ್ರಿ, ಸಕ್ಕರೆ ಡಾಕ್ಟರಿಗೆ ಹೇಳ್ರಿ.